ಬೆಳ್ಳಿ ಡಬ್ಬಿಯ ಮೇಲಿನ ಬಣ್ಣದ ಗಾಜು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಮನೆವಸ್ತುಗಳನ್ನು ಕುರಿತ ಈ ಅಂಕಣದಲ್ಲಿ ಹಿಂದೊಮ್ಮೆ ರಷ್ಯದ ಎನಾಮಲ್ ಬೆಳ್ಳಿಯ, ಅಂದರೆ ಬಣ್ಣದ ಗಾಜನ್ನು ಕರಗಿಸಿ ಅಂಟಿಸಿದ ಬೆಳ್ಳಿ ಸಾಮಾನಿನ, ಪ್ರಸ್ತಾಪ ಬಂದ ಮೇಲೆ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಿಂದ ಅದೇ ವಿಷಯವಾಗಿ ಹಲವು ಪತ್ರಗಳು ಬಂದಿವೆ. ತೋಟಗಳನ್ನು ಮಾರಿ ಹೊರಟ ಇಂಗ್ಲಿಷ್ ದೊರೆಗಳ ಬಂಗಲೆಗಳಿಂದ ಇಂಥ ಸಾಮಾನು ಊರಿನ ಮನೆಗಳಿಗೆ ದಾಟಿರುವುದು ಸಹಜವೇ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ಕೆಲಸಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮಾವನವರ ತಂದೆ ತೋಟ ಕೊಂಡಾಗ ಬಂಗಲೆಯ ಸಾಮಾನಿನ ಜೊತೆ ಬಂದ ಬೆಳ್ಳಿ ಡಬ್ಬಿಯೊಂದು ನಮ್ಮಲ್ಲಿದೆ. ಅಂಗೈಯಗಲದ ಅದರ ಮುಚ್ಚಳದ ಮೇಲೆ ನೀಲಿ, ಬಿಳಿ, ತಿಳಿಹಸಿರಿನ ಹೂಬಳ್ಳಿಯಿದ್ದು, ಪ್ರತಿ ಎಸಳಿನ ಅಂಚಿಗೂ ಹುರಿ ಮಾಡಿದ ಸಣ್ಣ ತಂತಿಯಿದೆ. ಒಳಗೆ ಚಿನ್ನದ ಬಣ್ಣ. ಅಂಚಿನಲ್ಲಿ 84 ಎಂಬ ಅಂಕಿ, ತಲೆಗೆ ಏನನ್ನೋ ಧರಿಸಿ ಬಲಕ್ಕೆ ಮುಖ ಮಾಡಿದ ಹೆಂಗಸಿನ ಚಿತ್ರ, ಪಕ್ಕದಲ್ಲಿ ಪುಟ್ಟ ತ್ರಿಕೋನ ಇವೆ. ಮನೆಯ ಹಿರಿಯರು 84 ಎಂದರೆ 1884ನೇ ಇಸವಿ ಎನ್ನುತ್ತಾರೆ. ನಮ್ಮ ಅಕ್ಕಸಾಲಿಗರು ಶೇಕಡ 84ರಷ್ಟು ಬೆಳ್ಳಿ ಎನ್ನುತ್ತಾರೆ. ಯಾವುದು ಸರಿ? (ಓದುಗರು, ಮೂಡಿಗೆರೆ)

ಉತ್ತರ: ಎರಡೂ ಅಲ್ಲ, ಆದರೆ ನಿಮ್ಮ ಅಕ್ಕಸಾಲಿಗರು ಸರಿಯಾದ ದಾರಿಯಲ್ಲಿಯೇ ಯೋಚಿಸಿದ್ದಾರೆ. ಚಕ್ರವರ್ತಿಗಳ ಕಾಲದ ರಷ್ಯದಲ್ಲಿ ಬೆಳ್ಳಿಬಂಗಾರದ ಶುದ್ಧತೆಯನ್ನು ಜೊಲೊಟ್ನಿಕ್ ಎಂಬ ಮಾನದಲ್ಲಿ ಹೇಳುತ್ತಿದ್ದರು. ಒಂದು ರಷ್ಯನ್ ಪೌಂಡಿಗೆ 96 ಜೊಲೊಟ್ನಿಕ್. ಹಾಗಾಗಿ 96 ಎಂದರೆ ಅಪ್ಪಟ ಲೋಹ, 84 ಎಂದರೆ ಸಾವಿರಕ್ಕೆ 875 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಚಿನ್ನವನ್ನು 24ರ ಲೆಕ್ಕದಲ್ಲಿ ಕ್ಯಾರೆಟ್ ಎನ್ನುವಂತೆಯೇ ಇದು 96ರ ಲೆಕ್ಕ. 88 ಮತ್ತು 91 ಎಂಬ ಮೇಲ್ದರ್ಜೆಯ ಅಂಕಿಗಳೂ ಉಂಟು. ಎನಾಮಲ್ ಕೆಲಸದಲ್ಲಿ ಅವು ಆಗಾಗ ಕಾಣುತ್ತವೆ.

ಕಾಲವನ್ನು ಹೇಳುವುದು ಆ ಹೆಂಗಸಿನ ಮುಖ. ಆಕೆ ಧರಿಸಿರುವುದು ಕೊಕೊಶ್ನಿಕ್ ಎಂಬ ರಷ್ಯದ ಸಾಂಪ್ರದಾಯಿಕ ಶಿರೋಭೂಷಣ. 1899ರಿಂದ ಇಡೀ ಸಾಮ್ರಾಜ್ಯಕ್ಕೆ ಈ ಮುಖವೇ ಸರ್ಕಾರಿ ಮುದ್ರೆಯಾಯಿತು. 1908ರವರೆಗೆ ಆಕೆ ಎಡಕ್ಕೆ ನೋಡುತ್ತಾಳೆ, ಪಕ್ಕದಲ್ಲಿ ಪರೀಕ್ಷಾಧಿಕಾರಿಯ ಹೆಸರಿನ ಮೊದಲಕ್ಷರಗಳಿರುತ್ತವೆ; 1908ರಿಂದ 1917ರ ಕ್ರಾಂತಿಯ ಕಾಲದವರೆಗೆ ಬಲಕ್ಕೆ ನೋಡುತ್ತಾಳೆ, ಅಕ್ಷರಗಳ ಬದಲು ಊರನ್ನು ಸೂಚಿಸುವ ಒಂದು ಗ್ರೀಕ್ ಅಕ್ಷರ ಇರುತ್ತದೆ. ಆಲ್ಫಾ ಇದ್ದರೆ ಸೇಂಟ್ ಪೀಟರ್ಸ್‌ಬರ್ಗ್, ಡೆಲ್ಟಾ ಇದ್ದರೆ ಮಾಸ್ಕೋ. ನೀವು ಕಂಡ ತ್ರಿಕೋನ ಡೆಲ್ಟಾ. ಮುದ್ರೆಗಳು ಅಸಲಿಯಾಗಿದ್ದರೆ ನಿಮ್ಮ ಡಬ್ಬಿ 1908 ಮತ್ತು 1917ರ ನಡುವೆ ಮಾಸ್ಕೋದಲ್ಲಿ ಆದದ್ದು. ಇದಕ್ಕಿಂತ ಹಿಂದಿನ ವಸ್ತುಗಳಲ್ಲಿ ಮಾಸ್ಕೋಗೆ ಘಟಸರ್ಪವನ್ನು ಇರಿಯುವ ಸಂತ ಜಾರ್ಜನ ಚಿತ್ರ, ಪೀಟರ್ಸ್‌ಬರ್ಗಿಗೆ ಒಂದರ ಮೇಲೊಂದು ಅಡ್ಡಹಾಯ್ದ ಲಂಗರುಗಳು ಮತ್ತು ರಾಜದಂಡ ಇರುತ್ತವೆ. ಸುತ್ತಿಗೆಯ ಜೊತೆ ಕಾರ್ಮಿಕನ ತಲೆಯೂ 875 ಎಂಬ ಮೂರಂಕಿಯೂ ಇದ್ದರೆ ಅದು 1927ರ ನಂತರದ ಸೋವಿಯತ್ ಕಾಲದ್ದು.

ಮಾಡಿದವರ ಮುದ್ರೆ ಬೇರೆಯೇ ಇರುತ್ತದೆ, ಅದನ್ನು ಭೂತಗನ್ನಡಿಯಲ್ಲಿ ಹುಡುಕಿ. ಮಾಸ್ಕೋದ ಈ ಬಗೆಯ ಕೆಲಸಕ್ಕೆ ದೊಡ್ಡ ಹೆಸರು ಪಾವೆಲ್ ಒವ್ಚಿನ್ನಿಕೊವ್ ಅವರದು. ಜಮೀನ್ದಾರನ ಒಡೆತನಕ್ಕೆ ಒಳಪಟ್ಟ ಆಳಿನ ಮನೆತನದಲ್ಲಿ ಹುಟ್ಟಿದ ಅವರು 1853ರಲ್ಲಿ ಸ್ವಂತ ಕಾರ್ಖಾನೆ ತೆರೆದು, ಮುಂದೆ ಅರಮನೆಗೇ ಒದಗಿಸುವ ಮಟ್ಟಕ್ಕೆ ಬೆಳೆದರು. ಇವಾನ್ ಖ್ಲೆಬ್ನಿಕೊವ್, ಗುಸ್ತಾವ್ ಕ್ಲಿಂಗರ್ಟ್, ಮರಿಯಾ ಸೆಮ್ಯೊನೊವಾ, ಫ್ಯೊದೊರ್ ರ‍್ಯೂಕರ್ಟ್ ಇವರೂ ಹೆಸರಾದವರು. 1908ರ ನಂತರದ ಮಾಸ್ಕೋ ಡಬ್ಬಿಗಳಲ್ಲಿ ಕುಶಲಕರ್ಮಿಗಳೇ ಕೂಡಿ ನಡೆಸುತ್ತಿದ್ದ, ಆರ್ಟೆಲ್ ಎನಿಸಿದ ಸಹಕಾರಿ ಕೂಟಗಳ ಮುದ್ರೆಯೂ ಸಿಗುತ್ತದೆ. 11ನೇ ಆರ್ಟೆಲಿನ ಎನಾಮಲ್ ಕೆಲಸ ಚೆನ್ನಾಗಿರುತ್ತದೆ. ಹೆಸರು ಚಿಕ್ಕದೆಂದು ಬೇಸರ ಪಡಬೇಡಿ. ದೊಡ್ಡ ಹೆಸರಿನ ಮಂದ ಕೆಲಸಕ್ಕಿಂತ ಹೆಸರಿಲ್ಲದವರ ಸೂಕ್ಷ್ಮ ಕೆಲಸವೇ ನನಗೆ ಹೆಚ್ಚು ಹಿಡಿಸಿದ ಸಂದರ್ಭಗಳುಂಟು.

ಇನ್ನು ಆ ಹುರಿ ತಂತಿ. ರಷ್ಯದವರು ಇದನ್ನು ಸ್ಕಾನ್ ಎನ್ನುತ್ತಾರೆ. ನಿಮ್ಮ ಬೆರಳ ತುದಿಯನ್ನು ಮುಚ್ಚಳದ ಮೇಲೆ ಹಗುರವಾಗಿ ಸರಿಸಿ ನೋಡಿ: ತಂತಿಯು ಬಣ್ಣಕ್ಕಿಂತ ಕೂದಲೆಳೆಯಷ್ಟು ಎತ್ತರದಲ್ಲಿ ತಾಗಬೇಕು. ಚೀನಾ, ಜಪಾನ್ ದೇಶಗಳ ತಂತಿ ಎನಾಮಲ್‌ನಲ್ಲಿ ಎಲ್ಲವನ್ನೂ ಉಜ್ಜಿ ಒಂದೇ ಮಟ್ಟಕ್ಕೆ ತರುತ್ತಾರೆ. ಮಾಸ್ಕೋದವರು ಉಜ್ಜದೆ ತಂತಿಯನ್ನು ಹಾಗೆಯೇ ಎದ್ದು ನಿಲ್ಲಲು ಬಿಡುತ್ತಾರೆ. ಓರೆ ಬೆಳಕಿನಲ್ಲಿ ಹೂವಿನ ಅಂಚೆಲ್ಲ ಮಿಣುಕುವುದು ಅದರಿಂದಲೇ.

ಪ್ರಶ್ನೆ: ನಾನು ಹಾಸನದಲ್ಲಿ ಬೆಳ್ಳಿ ಕೆಲಸ ಮಾಡುವವನು. ಪರಿಚಯದವರ ಮನೆಯಲ್ಲಿ ಇಂಥ ಡಬ್ಬಿ ನೋಡಿ ಆಸೆಯಾಗಿ, ಎನಾಮಲ್ ಪುಡಿ ತರಿಸಿ ಕುಂಕುಮದ ಭರಣಿಯ ಮುಚ್ಚಳದ ಮೇಲೆ ಪ್ರಯತ್ನಿಸಿದೆ. ಬಿಳಿ, ನೀಲಿ ನಿಂತವು, ಕೆಂಪು ಮಾತ್ರ ಕಂದಾಯಿತು. ಆರಿದ ಮೇಲೆ ಒಂದು ಕಡೆ ಸಿಡಿದೂ ಹೋಯಿತು. ಅವರು ಹೇಗೆ ಮಾಡುತ್ತಿದ್ದರು? (ಓದುಗರು, ಹಾಸನ)

ಉತ್ತರ: ಕೈಯಲ್ಲಿ ಕಸುಬಿರುವವರಿಂದ ಬಂದ ಪ್ರಶ್ನೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಎನಾಮಲ್ ಎಂದರೆ ಗಾಜು. ಮರಳಿನ ಸಿಲಿಕಾ, ಸೋಡಾ ಅಥವಾ ಪೊಟ್ಯಾಶ್, ಸೀಸದ ಆಕ್ಸೈಡ್ ಸೇರಿಸಿ ಕರಗಿಸಿದ ಗಾಜಿಗೆ ಲೋಹದ ಆಕ್ಸೈಡುಗಳು ಬಣ್ಣ ಕೊಡುತ್ತವೆ: ಕೋಬಾಲ್ಟ್‌ನಿಂದ ಕಡುನೀಲಿ, ತಾಮ್ರದಿಂದ ಹಸಿರು ಮತ್ತು ಆಕಾಶನೀಲಿ, ಮ್ಯಾಂಗನೀಸ್‌ನಿಂದ ನೇರಳೆ, ತವರದಿಂದ ಆಚೆ ಕಾಣದ ಬಿಳುಪು, ಚಿನ್ನದಿಂದ ಮಾಣಿಕ್ಯದ ಕೆಂಪು. ಈ ಗಾಜನ್ನು ಪುಡಿ ಮಾಡಿ ಬೆಳ್ಳಿಯ ಮೇಲಿಟ್ಟು ಸುಮಾರು 700ರಿಂದ 800 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿಸಿ ಅಂಟಿಸುವುದೇ ಇಡೀ ವಿದ್ಯೆ.

ಅಪಾಯ ಇರುವುದೂ ಅಲ್ಲಿಯೇ. ಅಪ್ಪಟ ಬೆಳ್ಳಿ ಕರಗುವುದು 961 ಡಿಗ್ರಿಯ ಮೇಲೆ. ಆದರೆ ತಾಮ್ರ ಬೆರೆತ 875ರ ಬೆಳ್ಳಿ ಸುಮಾರು 779 ಡಿಗ್ರಿಯಲ್ಲೇ ಮೆತ್ತಗಾಗಿ ಕರಗತೊಡಗುತ್ತದೆ. ಅಂದರೆ ಗಾಜು ಹರಿಯುವ ಬಿಸಿಗೂ ಲೋಹ ಕುಸಿಯುವ ಬಿಸಿಗೂ ನಡುವೆ ಇರುವುದು ಬಹಳ ಕಿರಿದಾದ ಅಂತರ. ಕುಲುಮೆಯ ಬಾಯಲ್ಲಿ ನಿಂತು, ಉಷ್ಣಮಾಪಕವಿಲ್ಲದೆ, ಕೆಂಪಿನ ಛಾಯೆಯನ್ನು ಕಣ್ಣಿನಿಂದಲೇ ಅಳೆದು ವಸ್ತುವನ್ನು ಹೊರತೆಗೆಯುತ್ತಿದ್ದ ಮಾಸ್ಕೋದ ಆ ಕೆಲಸಗಾರರ ಬಗ್ಗೆ ನನಗೆ ಬಹಳ ಗೌರವ.

ಕೆಲಸದ ಕ್ರಮ ಹೀಗೆ. ಎರಡು ಸಣ್ಣ ಬೆಳ್ಳಿ ತಂತಿಗಳನ್ನು ಹುರಿ ಮಾಡಿ, ಉರುಳೆಗಳ ನಡುವೆ ಹಾಯಿಸಿ ಚಪ್ಪಟೆ ಮಾಡುತ್ತಾರೆ; ಪಟ್ಟಿಯ ಅಂಚಿನಲ್ಲಿ ಆ ಹುರಿಯೇ ಸಣ್ಣ ಹಲ್ಲುಗಳ ಸಾಲಾಗಿ ಉಳಿಯುತ್ತದೆ. ಚಿಮಟದಿಂದ ಪಟ್ಟಿಯನ್ನು ಎಸಳು, ಸುರುಳಿಗಳ ಆಕಾರಕ್ಕೆ ಬಾಗಿಸಿ, ಅಂಚಿನ ಮೇಲೆ ನಿಲ್ಲಿಸಿ, ಗೋಂದಿನಿಂದ ತಾತ್ಕಾಲಿಕವಾಗಿ ಹಿಡಿಸಿ, ಬೆಸುಗೆಯ ಅರಪುಡಿ ಮತ್ತು ಬಿಳಿಗಾರ ಉದುರಿಸಿ ಬೆಸೆಯುತ್ತಾರೆ. ಈ ಬೆಸುಗೆ ಮುಂದೆ ಎನಾಮಲ್‌ನ ಬಿಸಿಯನ್ನು ತಡೆಯುವಂಥದ್ದಾಗಿರಬೇಕು; ನಿತ್ಯದ ಒಡವೆಗಳಿಗೆ ಬಳಸುವ ಬೇಗ ಕರಗುವ ಬೆಸುಗೆ ಇಲ್ಲಿ ಕೈಕೊಡುತ್ತದೆ. ಆಮೇಲೆ ವಸ್ತುವನ್ನು ಕಾಯಿಸಿ ಆಸಿಡ್‌ನಲ್ಲಿ ಅದ್ದುವ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾರೆ. ಪ್ರತಿ ಸಲವೂ ಮೇಲ್ಮೈಯ ತಾಮ್ರ ಸ್ವಲ್ಪ ಸ್ವಲ್ಪ ಕರಗಿ ಹೋಗಿ, ಅಪ್ಪಟ ಬೆಳ್ಳಿಯ ತೆಳು ಪದರ ಮೇಲೆ ನಿಲ್ಲುತ್ತದೆ. ಇದನ್ನು ಬಿಟ್ಟರೆ ತಾಮ್ರವು ಬಿಸಿಯಲ್ಲಿ ಕಪ್ಪಾಗಿ, ತಿಳಿ ಬಣ್ಣಗಳ ಕೆಳಗೆ ಮಬ್ಬು ಕಲೆಯಾಗಿ ಕಾಣುತ್ತದೆ.

ಬಣ್ಣದ ಗಾಜನ್ನು ನೀರಿನಲ್ಲಿ ಅರೆದು, ಮೇಲಿನ ಕೆನೆನೀರು ತಿಳಿಯಾಗುವವರೆಗೆ ತೊಳೆಯಬೇಕು. ನೆನೆದ ಚಿರೋಟಿ ರವೆಯ ಹದದಲ್ಲಿರುವ ಅದನ್ನು ಗರಿಯ ಮೊನೆಯಿಂದಲೋ ಸಣ್ಣ ಚಮಚದಿಂದಲೋ ತಂತಿಗಳ ನಡುವಿನ ಒಂದೊಂದು ಮನೆಗೂ ತುಂಬಿ, ಬಟ್ಟೆಯ ತುದಿ ತಾಗಿಸಿ ನೀರು ಹೀರಿಸಿ, ಪೂರ್ತಿ ಒಣಗಿಸಿ ಕುಲುಮೆಯೊಳಗಿಡುತ್ತಾರೆ. ತೇವ ಉಳಿದರೆ ಆವಿಯಾಗಿ ಪುಡಿಯನ್ನೇ ಎಬ್ಬಿಸಿಬಿಡುತ್ತದೆ. ಕರಗಿದ ಗಾಜು ಕುಗ್ಗಿ ತಳಕ್ಕಿಳಿಯುವುದರಿಂದ ಮತ್ತೆ ತುಂಬಿ ಮತ್ತೆ ಸುಡಬೇಕು. ಹೀಗೆ ಹಲವು ಸುತ್ತಾದ ಮೇಲೆ ತಂತಿಗೂ ಒಳಮೈಗೂ ಚಿನ್ನದ ನೀರು ಕೊಡುತ್ತಾರೆ.

ಇನ್ನು ನಿಮ್ಮ ಎರಡು ತೊಂದರೆಗಳು. ಚಿನ್ನದಿಂದ ಬರುವ ಕೆಂಪು ಬೆಳ್ಳಿಯನ್ನು ನೇರವಾಗಿ ತಾಗಿದರೆ ಹಳದಿ ಮಿಶ್ರಿತ ಕಂದಿಗೆ ತಿರುಗುವುದು ಅದರ ಸ್ವಭಾವ. ಮೊದಲು ಬಣ್ಣವಿಲ್ಲದ ಗಾಜಿನ ಪದರವೊಂದನ್ನು ಸುಟ್ಟು, ಅದರ ಮೇಲೆ ಕೆಂಪನ್ನು ಇಡಿ. ಎಲ್ಲ ಬಣ್ಣಗಳೂ ನಿಂತ ಮೇಲೆ ಕೊನೆಗೆ, ಕಡಿಮೆ ಬಿಸಿಯಲ್ಲಿ ಇಡಿ. ಜೈಪುರದ ಮೀನಾಕಾರರೂ (ಅಲ್ಲಿನ ಎನಾಮಲ್ ಕೆಲಸಗಾರರು) ಹೆಚ್ಚು ಬಿಸಿ ಬೇಡುವ ಬಿಳಿಯಿಂದ ತೊಡಗಿ ಕೆಂಪನ್ನು ಕಡೆಗೇ ಉಳಿಸಿಕೊಳ್ಳುತ್ತಾರೆ. ಅವರದು ತಂತಿ ಕಟ್ಟುವ ಪದ್ಧತಿಯಲ್ಲ; ಲೋಹವನ್ನೇ ಕೊರೆದು ಗುಳಿಯಲ್ಲಿ ಬಣ್ಣ ತುಂಬಿ ಕಲ್ಲಿನಿಂದ ಉಜ್ಜಿ ಸಮ ಮಾಡುವುದು ಅವರ ಕ್ರಮ. ಸಿಡಿತಕ್ಕೆ ಕಾರಣ ಬೇರೆ. ಬಿಸಿಗೆ ಬೆಳ್ಳಿ ಹಿಗ್ಗುವಷ್ಟು ಗಾಜು ಹಿಗ್ಗದು, ಆರುವಾಗ ಬೆಳ್ಳಿ ಕುಗ್ಗಿದಷ್ಟು ಗಾಜು ಕುಗ್ಗದು. ತಗಡು ತೆಳ್ಳಗಿದ್ದರೆ ಅದು ಬಾಗಿ ಗಾಜು ಹಾರುತ್ತದೆ. ಆದ್ದರಿಂದ ತೆಳು ತಗಡಿನ ಹಿಂಬದಿಗೂ ಒಂದು ಪದರ ಎನಾಮಲ್ ಕೊಟ್ಟು ಸಮತೂಕ ಮಾಡಬೇಕು. ಮಾಸ್ಕೋದ ಡಬ್ಬಿಗಳ ಒಳಗೆ ಅದು ಕಾಣುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಅಲ್ಲಿ ತಗಡು ದಪ್ಪ. ಜೊತೆಗೆ ತಂತಿಯ ಗೋಡೆಗಳು ಬಣ್ಣವನ್ನು ಚಿಕ್ಕ ಚಿಕ್ಕ ಮನೆಗಳಾಗಿ ಒಡೆದಿರುವುದರಿಂದ ಎಳೆತ ಒಂದೇ ಕಡೆ ಬೀಳುವುದಿಲ್ಲ.

ಸದ್ಯಕ್ಕೆ 999ರ ಬೆಳ್ಳಿಯ ಚಿಕ್ಕ ತುಣುಕುಗಳ ಮೇಲೆ, ಬೆಳ್ಳಿಗೆಂದೇ ಮಾರುವ ಪುಡಿಯಿಂದ ಕೈ ಪಳಗಿಸಿಕೊಳ್ಳಿ. ಸುಟ್ಟ ತುಣುಕನ್ನು ನೀರಿಗೆ ಹಾಕದೆ, ಗಾಳಿ ಬೀಸದ ಕಡೆ ತಾನಾಗಿ ಆರಲು ಬಿಡಿ. ಪುಡಿಯಲ್ಲಿ ಸೀಸ ಇರಬಹುದಾದ್ದರಿಂದ ಅರೆಯುವಾಗ ಮೂಗುಬಾಯಿಗೆ ಮಾಸ್ಕ್ ಇರಲಿ, ಅದೇ ಮೇಜಿನ ಮೇಲೆ ಊಟ, ಕಾಫಿ ಬೇಡ.

ಪ್ರಶ್ನೆ: ನಮ್ಮ ಹಳೆಯ ರಷ್ಯನ್ ನಸ್ಯದ ಡಬ್ಬಿಯ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಬಣ್ಣ ಹಾರಿದೆ, ತಿರುಗಣಿಯೂ ಸಡಿಲವಾಗಿದೆ. ತಿರುಗಣಿಗೆ ಬೆಸುಗೆ ಹಾಕಿ ಬಣ್ಣವನ್ನೂ ತುಂಬಿಸಿಕೊಡುವುದಾಗಿ ಅಂಗಡಿಯವರೊಬ್ಬರು ಹೇಳಿದ್ದಾರೆ. ಕೊಡಬಹುದೇ? (ಓದುಗರು, ಅರಸೀಕೆರೆ)

ಉತ್ತರ: ದಯವಿಟ್ಟು ಕೊಡಬೇಡಿ. ನೂರು ವರ್ಷದ ಎನಾಮಲ್ ಡಬ್ಬಿಗೆ ಕಳ್ಳರಿಗಿಂತ ಹೆಚ್ಚಿನ ಹಾನಿ ಮಾಡಿರುವುದು ರಿಪೇರಿ ಎಂದೇ ನನ್ನ ಅಭಿಪ್ರಾಯ. ಹಾಸನದ ಓದುಗರಿಗೆ ಬರೆದ ಉತ್ತರವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಒಂದು ಮೂಲೆಗೆ ಬೆಸುಗೆಯ ಬೆಂಕಿ ತಾಗಿದರೆ ಅಲ್ಲಿನ ಬೆಳ್ಳಿ ಹಿಗ್ಗುತ್ತದೆ, ಪಕ್ಕದ ಗಾಜು ಹಿಗ್ಗದೆ ಬಿರುಕು ಬಿಡುತ್ತದೆ. ಎಳ್ಳಿನಷ್ಟಿದ್ದ ಗಾಯ ಮುಚ್ಚಳದಗಲ ಆಗುತ್ತದೆ. ಪೂರ್ತಿ ಡಬ್ಬಿಯನ್ನೇ ಮತ್ತೆ ಕುಲುಮೆಗಿಟ್ಟರೆ ಬಿರುಕಿನೊಳಗೆ ಸೇರಿದ ಕೊಳೆ, ಜಿಡ್ಡು ಬೆಂದು ಕಪ್ಪಾಗುತ್ತದೆ; ಹಳೆಯ ಬೆಸುಗೆಗಳು ಬಿಡಬಹುದು, ಚಿನ್ನದ ಲೇಪ ಕೆಡುತ್ತದೆ. ಅಂಗಡಿಯವರು ಬೆಂಕಿಯಿಲ್ಲದೆ ತುಂಬುತ್ತೇವೆ ಎಂದಿದ್ದರೆ ಅದು ಗಾಜಲ್ಲ, ಬಣ್ಣ ಬೆರೆಸಿದ ರಾಳ. ಇಂದು ಹೊಂದಿಕೊಂಡಂತೆ ಕಂಡರೂ ಕಾಲಕ್ರಮದಲ್ಲಿ ಅದು ಹಳದಿಯಾಗುತ್ತದೆ, ಗಾಜು ಆಗುವುದಿಲ್ಲ.

ಹಾರಿದ ಜಾಗದ ಸುತ್ತ ಬಣ್ಣ ಗಟ್ಟಿಯಾಗಿದ್ದರೆ ಅದನ್ನು ಹಾಗೆಯೇ ಬಿಡುವುದು ಅತ್ಯುತ್ತಮ. ಕೊಳ್ಳುವವರು ಕೂಡ ಮುಚ್ಚಿಟ್ಟ ರಿಪೇರಿಗಿಂತ ತೆರೆದ ಗಾಯವನ್ನೇ ಮೆಚ್ಚುತ್ತಾರೆ. ಸುತ್ತಲಿನ ಚೂರುಗಳು ಅಲುಗುತ್ತಿದ್ದರೆ ಮಾತ್ರ ವಸ್ತುಸಂಗ್ರಹಾಲಯಗಳ ಕೆಲಸ ಬಲ್ಲ ಸಂರಕ್ಷಣಾ ತಜ್ಞರನ್ನು ಕೇಳಿ. ಅವರು ಪ್ಯಾರಲಾಯ್ಡ್ ಬಿ-72 ಎಂಬ, ಬೇಕೆಂದಾಗ ಕರಗಿಸಿ ತೆಗೆಯಬಹುದಾದ ಅಂಟನ್ನು ಬಿರುಕಿಗೆ ಹರಿಸಿ ಚೂರುಗಳನ್ನು ಹಿಡಿದು ನಿಲ್ಲಿಸುತ್ತಾರೆ. ತಿರುಗಣಿ ಸಡಿಲವಾಗಿದ್ದರೆ ಇರಲಿ. ಡಬ್ಬಿಯನ್ನು ತೆರೆಯುವುದನ್ನು ಕಡಿಮೆ ಮಾಡಿ. ಉದುರಿದ ಚೂರು ಸಿಕ್ಕಿದ್ದರೆ ಕಾಗದದಲ್ಲಿ ಮಡಿಚಿ ಡಬ್ಬಿಯ ಜೊತೆಯೇ ಇಟ್ಟಿರಿ.

ಪ್ರಶ್ನೆ: ನಮ್ಮಲ್ಲಿರುವ ಸಿಗರೇಟು ಡಬ್ಬಿಯ ಮೇಲೆ ತಿಳಿ ನೀಲಿ ಬಣ್ಣದ ಕೆಳಗೆ ಅಲೆಅಲೆಯಾದ ಗೆರೆಗಳು ಕಾಣುತ್ತವೆ. ಒಳಗೆ ಫ್ಯಾಬರ್ಜೆ ಎಂದು ರಷ್ಯನ್ ಅಕ್ಷರಗಳಲ್ಲಿದೆಯೆಂದು ಓದಬಲ್ಲವರೊಬ್ಬರು ಹೇಳಿದರು. ನಂಬಬಹುದೇ? (ಓದುಗರು, ಸಕಲೇಶಪುರ)

ಉತ್ತರ: ಮುದ್ರೆಯನ್ನು ಕೊನೆಗೆ ನಂಬಿ, ಕೆಲಸವನ್ನು ಮೊದಲು ನೋಡಿ. 1842ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಆರಂಭವಾದ ಆ ಮನೆತನದ ಒಡವೆ ಅಂಗಡಿಯನ್ನು ಕಾರ್ಲ್ ಫ್ಯಾಬರ್ಜೆ 1872ರಲ್ಲಿ ವಹಿಸಿಕೊಂಡರು. 1885ರಿಂದ ಚಕ್ರವರ್ತಿಗೆ ಈಸ್ಟರ್ ಹಬ್ಬದ ಒಡವೆ ಮೊಟ್ಟೆಗಳನ್ನು ಮಾಡಿಕೊಟ್ಟು ಲೋಕಪ್ರಸಿದ್ಧರಾದರು. ಅಷ್ಟು ದೊಡ್ಡ ಹೆಸರಾದ್ದರಿಂದಲೇ ಸಾಧಾರಣ ಹಳೆಯ ಬೆಳ್ಳಿಗೂ, ನಿನ್ನೆ ಮೊನ್ನೆ ಆದ ವಸ್ತುವಿಗೂ ಆ ಮುದ್ರೆ ಒತ್ತಿ ಮಾರುವವರು ಬಹಳ.

ನೀವು ಹೇಳುವ ಅಲೆಗಳನ್ನು ಗಿಯೋಶೆ ಎನ್ನುತ್ತಾರೆ. ಕೈಯಿಂದ ತಿರುಗಿಸುವ ವಿಶೇಷ ಲೇತ್ ಯಂತ್ರದಲ್ಲಿ ಬೆಳ್ಳಿಯ ಮೇಲೆ ಸಮಾಂತರ ಗೆರೆಗಳನ್ನು ಕೊರೆದು, ಅದರ ಮೇಲೆ ಪಾರದರ್ಶಕ ಗಾಜನ್ನು ಪದರ ಪದರವಾಗಿ ಸುಟ್ಟು, ಕಡೆಗೆ ಮರದ ಚಕ್ರದಲ್ಲಿ, ಮೆತ್ತನೆಯ ತೊಗಲಿನಲ್ಲಿ ಗಂಟೆಗಟ್ಟಲೆ ಹೊಳಪು ಕೊಡುತ್ತಿದ್ದರು. ಫ್ಯಾಬರ್ಜೆ ಅವರಲ್ಲಿ 140ಕ್ಕೂ ಹೆಚ್ಚು ಬಣ್ಣಛಾಯೆಗಳಿದ್ದವು. ಡಬ್ಬಿಯನ್ನು ಕಿಟಕಿಯ ಬೆಳಕಿನಲ್ಲಿ ನಿಧಾನವಾಗಿ ಓರೆ ಮಾಡಿ. ಗೆರೆಗಳು ಚೂಪಾಗಿ, ಗಾಜಿನ ಆಳದಿಂದ ಹೊಳಪು ತೆರೆಯಾಗಿ ಹರಿದರೆ ಒಳ್ಳೆಯ ಲಕ್ಷಣ. ಗೆರೆಗಳು ಮೊಂಡಾಗಿದ್ದರೆ ಅಚ್ಚಿನಲ್ಲಿ ಎರಕ ಹೊಯ್ದದ್ದಿರಬಹುದು. ಬಣ್ಣದೊಳಗೆ ಗುಳ್ಳೆಗಳೂ ಸೂಜಿಮೊನೆಯ ತೂತುಗಳೂ ತುಂಬಿದ್ದರೆ ಕೈ ಒರಟು ಎಂದರ್ಥ. ಮುಚ್ಚಳ ಕೂಡುವ ಗೆರೆ ಉಗುರಿಗೆ ಸಿಗುತ್ತದೆಯೇ ಎಂದೂ ನೋಡಿ. ಆ ಕೆಲಸಗಾರರು ತಿರುಗಣಿಯನ್ನು ಕಣ್ಣಿಗೆ ಬೀಳದಂತೆ ಅಡಗಿಸುತ್ತಿದ್ದರು. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದರೆ ಆಮೇಲೆ ತುಂಬಿದ ರಾಳ ಸಾಮಾನ್ಯವಾಗಿ ಸುತ್ತಲಿನ ಗಾಜಿಗಿಂತ ಬೇರೆಯಾಗಿ ಹೊಳೆದು ಸಿಕ್ಕಿಬೀಳುತ್ತದೆ. ಇಷ್ಟರಲ್ಲಿ ಪಾಸಾದರೆ ಮಾತ್ರ ಹರಾಜು ಸಂಸ್ಥೆಗಳ ತಜ್ಞರಿಗೆ ಚಿತ್ರ ಕಳುಹಿಸಿ.

ಪ್ರಶ್ನೆ: ನಮ್ಮದರಲ್ಲಿ ಬಣ್ಣಗಳೇ ಇಲ್ಲ, ಬೆಳ್ಳಿಯ ಮೇಲೆ ಕಪ್ಪು ಗೆರೆಗಳಲ್ಲಿ ಊರಿನ ಚಿತ್ರವಿದೆ. ಇದೂ ಎನಾಮಲ್ಲೇ? (ಓದುಗರು, ಕಡೂರು)

ಉತ್ತರ: ಅಲ್ಲ. ಬೆಳ್ಳಿ, ತಾಮ್ರ, ಸೀಸಗಳನ್ನು ಗಂಧಕದೊಂದಿಗೆ ಕರಗಿಸಿದ ಕಪ್ಪು ಮಿಶ್ರಣವನ್ನು ಕೊರೆದ ಗೆರೆಗಳಲ್ಲಿ ತುಂಬುವ ಈ ಕೆಲಸ ನೀಲೋ. ಉತ್ತರ ರಷ್ಯದ ವೆಲಿಕಿ ಉಸ್ತ್ಯುಗ್ ಎಂಬ ಊರು ಇದಕ್ಕೆ ಹೆಸರಾದದ್ದು. ಕೊಳೆಯೆಂದು ಭ್ರಮಿಸಿ ಉಜ್ಜಿ ತೆಗೆಯದಿದ್ದರೆ ಸಾಕು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಎನಾಮಲ್ ಡಬ್ಬಿ ಕಪ್ಪಾಗುತ್ತದೆ. ದೇವರ ಸಾಮಾನಿನಂತೆ ವಿಭೂತಿಯಿಂದ ತಿಕ್ಕಬಹುದೇ? ಅಲ್ಯುಮಿನಿಯಂ ಹಾಳೆ, ಸೋಡಾ, ಬಿಸಿನೀರಿನ ಉಪಾಯ ಸರಿಯೇ? (ಓದುಗರು, ಚಿಕ್ಕಮಗಳೂರು)

ಉತ್ತರ: ಎರಡೂ ಬೇಡ. ವಿಭೂತಿ ಬರಿ ಬೆಳ್ಳಿಯ ದೀಪಕ್ಕೆ ಸರಿ. ಇಲ್ಲಿ ತಂತಿಯ ಮೇಲಿನ ಚಿನ್ನದ ನೀರು ಅದರ ಜೊತೆಗೇ ಹೋಗುತ್ತದೆ. ಬಿಸಿನೀರು ಮತ್ತು ಸೋಡಾ ಗಾಜಿನ ಬಿರುಕಿಗೆ ಇಳಿದು ಬಣ್ಣವನ್ನು ಸಡಿಲಿಸುತ್ತವೆ. ಹುಣಸೆಹಣ್ಣು, ನಿಂಬೆ, ಒಡವೆ ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರ, ಅದ್ದಿ ತೆಗೆಯುವ ದ್ರವ ಇವೆಲ್ಲವೂ ವರ್ಜ್ಯ. ಒಗೆದು ಮೃದುವಾದ ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒಣಗಿದಂತೆಯೇ ಒರೆಸಿ. ಜಿಡ್ಡಿದ್ದರೆ ಉಗುರುಬೆಚ್ಚಗಿನ ನೀರಿಗೂ ಹೋಗದೆ, ಹತ್ತಿಯ ತುದಿಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಬಿರುಕಿಲ್ಲದ ಕಡೆ ಮಾತ್ರ ತಾಗಿಸಿ ತಕ್ಷಣ ಒಣಗಿಸಿ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದಿಂದ, ತೇವ ಅದಕ್ಕೆ ಜೊತೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮರದ ಬೀರುವಿನಲ್ಲಿ ಇಡುವುದಕ್ಕಿಂತ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಲೇಸು. ಪೊಟ್ಟಣವನ್ನು ಆಗಾಗ ಬದಲಿಸಿ. ರಬ್ಬರ್ ಬ್ಯಾಂಡ್, ಉಣ್ಣೆ, ಹಳೆಯ ದಿನಪತ್ರಿಕೆ ಇವುಗಳಲ್ಲಿ ಸುತ್ತಬೇಡಿ. ಬಣ್ಣದ ಮೇಲೆ ಬೆವರಿದಂತೆ ಅಂಟಂಟು ಹನಿಗಳು ಕಂಡರೆ ಅದು ಗಾಜಿನೊಳಗಿನ ಕ್ಷಾರ ತೇವಕ್ಕೆ ಹೊರಬರುತ್ತಿರುವ ಸೂಚನೆ. ಆಗ ಮನೆಮದ್ದು ಸಾಲದು, ತಜ್ಞರೇ ನೋಡಬೇಕು.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳಿಗೆ ಇಂಥ ಡಬ್ಬಿಯನ್ನು ಉಡುಗೊರೆಯಾಗಿ ಕಳುಹಿಸಬಹುದೇ? (ಓದುಗರು, ಬೇಲೂರು)

ಉತ್ತರ: ಕಳುಹಿಸುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ 100 ವರ್ಷಕ್ಕೆ ಕಡಿಮೆಯಿಲ್ಲದ ಕರಕುಶಲ ವಸ್ತುಗಳು ಪುರಾವಸ್ತುವಿನ ವ್ಯಾಖ್ಯೆಗೆ ಬರುತ್ತವೆ, ಅವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಬಲಕ್ಕೆ ನೋಡುವ ಮುಖದ ಮುದ್ರೆಯಿರುವ ಡಬ್ಬಿಗಳು ಕೂಡ ಈಗ ಆ ವಯಸ್ಸನ್ನು ದಾಟಿವೆ. ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಇಲಾಖೆಯಿಂದ ಸಿಕ್ಕದ ಹೊರತು ಕೊರಿಯರ್‌ಗೆ ಕೊಡಬೇಡಿ, ಮಗಳ ಪೆಟ್ಟಿಗೆಯಲ್ಲಿಯೂ ಇಟ್ಟು ಕಳುಹಿಸಬೇಡಿ.